ತಂಗಿಯ ಮಾಡು, ಆಲಿಕಲ್ಲು ಮತ್ತು ನನ್ನ ಸುತ್ತಿಗೆ

ಆಲಿಕಲ್ಲು ಬಿದ್ದ ಸಂಜೆ

ಆ ಸಂಜೆ ಮನೆಯೊಳಗೆ ಇದ್ದವರು ನಾವು ಮೂವರು: ನಾನು, ನನ್ನ ತಂಗಿ ಸುಮತಿ ಮತ್ತು ಪಕ್ಕದ ಮನೆಯ ವಾಲ್ಟರ್. ವಾಲ್ಟರರ ನಾಯಿಯನ್ನೂ ಸೇರಿಸಿದರೆ ನಾಲ್ವರು. ಅದು ಮೇಜಿನ ಅಡಿಯಲ್ಲಿ ಮಲಗಿಕೊಂಡು, ನಾನು ಊರಿನಿಂದ ಕಟ್ಟಿಕೊಂಡು ಹೋದ ಹಲಸಿನ ಹಪ್ಪಳ ಯಾವಾಗ ಕೆಳಗೆ ಬೀಳುತ್ತದೆ ಎಂದು ನೋಡುತ್ತಿತ್ತು. ವಾಲ್ಟರ್ ಎಪ್ಪತ್ತು ದಾಟಿದವರು. ಶಾಲೆಯ ಬಸ್ಸು ಬಿಡುತ್ತಿದ್ದು ನಿವೃತ್ತರಾದ ಮನುಷ್ಯ. ಚಹಾಕ್ಕೆ ಇಷ್ಟು ಹಾಲು ಹಾಕುತ್ತಾರೆಯೇ ಎಂದು ಪ್ರತಿಸಲ ಆಶ್ಚರ್ಯಪಟ್ಟರೂ ಲೋಟ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ನಮ್ಮಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಗೆ ಏಳುವುದಿಲ್ಲ. ಆದ್ದರಿಂದ ಮೊದಲ ದಿನವೇ ನಾನು ಅವರನ್ನು ವಾಲ್ಟರಣ್ಣ ಎಂದುಬಿಟ್ಟೆ. ಅದರ ಅರ್ಥವನ್ನು ಸುಮತಿ ಹೇಳಿದ ಮೇಲೆ ಅವರು ನನ್ನ ಕೈ ಕುಲುಕಿದ ರೀತಿಯೇ ಬೇರೆಯಾಯಿತು.

ಊರು ಟೆಕ್ಸಾಸಿನ ಒಂದು ಸಣ್ಣ ಪಟ್ಟಣ. ಎತ್ತ ನೋಡಿದರೂ ಸಪಾಟು ನೆಲ. ನಮ್ಮ ಕುಂಜತ್ತೂರಿನಿಂದ ಹೋದವನಿಗೆ ಅಲ್ಲಿ ಕಣ್ಣು ನಿಲ್ಲಿಸಲು ಒಂದು ಗುಡ್ಡವೂ ಇಲ್ಲ, ಆಚೆಗೆ ಕಡಲೂ ಇಲ್ಲ. ಸುಮತಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಭಾವ ತೀರಿಕೊಂಡಾಗ ವೀಸಾ ಸಿಗದೆ ನನಗೆ ಹೋಗಲಾಗಿರಲಿಲ್ಲ. ಆ ಕೊರಗು ಮನಸ್ಸಿನಲ್ಲಿ ಉಳಿದಿತ್ತು. ಈ ಸಲ ವೀಸಾ ಬಂದ ಕೂಡಲೇ ಕುಂಜತ್ತೂರಿನ ಹೆದ್ದಾರಿ ಬದಿಯ ನನ್ನ ಟಿಂಕರಿಂಗ್ ವರ್ಕ್‌ಶಾಪನ್ನು ಕೆಲಸದವರ ಕೈಗೆ ಕೊಟ್ಟು ವಿಮಾನ ಹತ್ತಿದೆ. ಗುದ್ದಿ ನಜ್ಜಾದ ಕಾರು, ಜೀಪು, ಬಸ್ಸುಗಳ ಮೈ ಸರಿ ಮಾಡುವುದು ನನ್ನ ಕಸುಬು. ಗಡಿಯ ಊರಾದ್ದರಿಂದ ಅರ್ಧ ಗಾಡಿಗಳು ಕೇರಳದವು, ಅರ್ಧ ಕರ್ನಾಟಕದವು. ತಗ್ಗು ಬಿದ್ದ ಮೇಲೆ ಎರಡೂ ಒಂದೇ.

ಮೊದಲು ಮಾಡಿನ ಮೇಲೆ, ಅಂದರೆ ಮನೆಯ ಛಾವಣಿಯ ಮೇಲೆ, ಮಾವಿನ ಮಿಡಿ ಉದುರಿದಂಥ ಸದ್ದು. ಆಮೇಲೆ ಯಾರೋ ಸಿಪ್ಪೆ ಸುಲಿಯದ ತೆಂಗಿನಕಾಯಿಗಳನ್ನು ಬುಟ್ಟಿಗಟ್ಟಲೆ ಸುರಿದ ಹಾಗೆ. ಮಾತಾಡಿದ್ದು ಕೇಳುತ್ತಿರಲಿಲ್ಲ. ನಾಯಿ ನನ್ನ ಪಂಚೆಯೊಳಗೆ ಮುಖ ತೂರಿಸಿತು. ಕಿಟಕಿಯಲ್ಲಿ ನೋಡಿದರೆ ಅಂಗಳದ ಹುಲ್ಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಪುಟಿಯುತ್ತಿದ್ದವು. ಚಿಕ್ಕಂದಿನಲ್ಲಿ ಒಂದೆರಡು ಸಲ ಅಂಗಳಕ್ಕೆ ಬಿದ್ದ ಸಣ್ಣ ಆಲಿಕಲ್ಲುಗಳನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡ ನೆನಪು ನನಗೆ. ಇವು ಬಾಯಿಗೆ ಹಾಕುವಂಥವಲ್ಲ.

ನಾನೂ ವಾಲ್ಟರಣ್ಣನೂ ಹೊರಗೆ ನೋಡುತ್ತಿದ್ದೆವು. ಸುಮತಿ ಮಾತ್ರ ಮೇಲಕ್ಕೆ, ಸೀಲಿಂಗ್ ಕಡೆ ನೋಡುತ್ತಿದ್ದಳು.

ಸದ್ದು ನಿಂತ ಮೇಲೆ ವಾಲ್ಟರಣ್ಣ ಅಂಗಳಕ್ಕಿಳಿದು ದೊಡ್ಡ ದೊಡ್ಡ ಕಲ್ಲುಗಳನ್ನು ಆರಿಸಿ ಟೋಪಿಯೊಳಗೆ ತುಂಬಿಕೊಂಡರು. ಮನೆಗೆ ಕೊಂಡುಹೋಗಿ ಫ್ರಿಜ್ಜಿನಲ್ಲಿ ಇಡುತ್ತಾರಂತೆ. ಪಾನಕಕ್ಕೆ ಹಾಕಲಿಕ್ಕೋ ಏನೋ, ಒಂದೊಂದು ಊರಿಗೆ ಒಂದೊಂದು ಕ್ರಮ ಎಂದುಕೊಂಡೆ.

ಮರುದಿನ, ಸುಮತಿ ಡ್ಯೂಟಿಗೆ ಹೋದ ಮೇಲೆ

ಬೆಳಗ್ಗೆ ಸುಮತಿ ಗಡಿಬಿಡಿಯಲ್ಲಿ ಹೊರಟಳು. ಬಾಗಿಲ ಬಳಿ ನಿಂತು, "ಅಣ್ಣ, ನೀನು ರೆಸ್ಟ್ ತಕೊ. ಎಂತದೂ ಮಾಡ್ಬೇಡ" ಎಂದಳು. ನಮ್ಮ ಮನೆಮಾತು ತುಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ. ತಂಗಿ ಹೀಗೆ ಹೇಳುವುದು, ಅಣ್ಣ ಅದನ್ನು ಕೇಳದಿರುವುದು ಯಾವ ಭಾಷೆಯಲ್ಲಾದರೂ ಒಂದೇ.

ನಾನು ಮನೆಗೊಂದು ಸುತ್ತು ಬಂದೆ. ಅಲ್ಲಿನ ಮಾಡು ನಮ್ಮದರಂತೆ ಹಂಚಿನದ್ದಲ್ಲ, ಕಾಂಕ್ರೀಟಿನದ್ದೂ ಅಲ್ಲ. ಮರದ ಹಲಗೆಯ ಮೇಲೆ ಡಾಂಬರಿನ ದಪ್ಪ ಹಾಳೆಗಳನ್ನು ಮೀನಿನ ಚಿಪ್ಪಿನಂತೆ ಒಂದರ ಮೇಲೊಂದು ಹೊಡೆದಿರುತ್ತಾರೆ. ಶಿಂಗಲ್ ಎನ್ನುತ್ತಾರೆ. ಅದರ ಮೇಲೆ ಮರಳಿನಂಥ ಹರಳು ಅಂಟಿಸಿರುತ್ತದೆ. ಕೆಳಗಿನಿಂದ ನೋಡಿದರೆ ಅದಕ್ಕೆ ಏನೂ ಆದಂತೆ ಕಾಣಲಿಲ್ಲ. ಆದರೆ ತಗಡು? ಮಾಡಿನ ಅಂಚಿಗೆ ಮಳೆನೀರು ಹರಿಯಲು ಕಟ್ಟಿದ ದಂಬೆಯ ಉದ್ದಕ್ಕೂ ತಗ್ಗುಗಳು. ಕಾರು ನಿಲ್ಲಿಸುವ ಗ್ಯಾರೇಜಿನ ತಗಡಿನ ಬಾಗಿಲಿಗೆ ಸಿಡುಬು ಬಂದ ಹಾಗೆ ಆಗಿತ್ತು. ರಸ್ತೆಬದಿಯ ಅಂಚೆಡಬ್ಬಿಯ ನೆತ್ತಿ ಕುಸಿದಿತ್ತು.

ಇದನ್ನು ಓದುವವರಲ್ಲಿ ಕೈಕೆಲಸ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ತಗ್ಗು ಕಂಡರೆ ನಮಗೆ ಕೈ ತುರಿಸುತ್ತದೆ. ಬಂದ ದಿನದಿಂದ ತಂಗಿ ಬಡಿಸುವುದು, ನಾನು ಉಣ್ಣುವುದು, ಇದೇ ಆಗಿತ್ತು. ಭಾವ ಇಲ್ಲದ ಮನೆ. ಗಂಡಸಿನ ಕೆಲಸ ಎಂದು ಒಂದಾದರೂ ಮಾಡಿಕೊಟ್ಟು ಹೋಗಬೇಡವೇ? ಗ್ಯಾರೇಜಿನಲ್ಲಿ ಭಾವನ ಟೂಲ್ ಬಾಕ್ಸ್ ಇತ್ತು. ತೆರೆದರೆ ಗುಂಡು ತಲೆಯ ಸುತ್ತಿಗೆ, ಮರದ ಕೊಡತಿ, ಎಲ್ಲ ಒರೆಸಿ ಇಟ್ಟಿದ್ದಂತೆಯೇ ಇವೆ. ಯಾರೋ ಕರೆದ ಹಾಗಾಯಿತು ನನಗೆ.

ಏಣಿ ವಾಲ್ಟರಣ್ಣನದ್ದು. ಕೈಸನ್ನೆ ಮಾಡಿ ಕೇಳಿದೆ. ಮಾಡು ಹೇಗಾಗಿದೆ ಎಂದು ನಾನು ನೋಡಲು ಹೋಗುವುದು ಎಂದು ಅವರು ತಿಳಿದುಕೊಂಡರು. ಕೊಟ್ಟು, ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಗಳ ಮನೆಗೆ ಹೋದರು. ತಡೆಯುವವರು ಯಾರೂ ಉಳಿಯಲಿಲ್ಲ.

ದಂಬೆಯ ಒಳಗಡೆಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ, ಹೊರಗಡೆ ಒಂದು ಗುಂಡುಕಬ್ಬಿಣ ಒತ್ತಿ ಹಿಡಿದು, ಒಂದೊಂದೇ ತಗ್ಗನ್ನು ಎಬ್ಬಿಸುತ್ತಾ ಹೋದೆ. ಅಲ್ಯುಮಿನಿಯಂ ಮೆತ್ತನೆಯ ತಗಡು, ಗದರಿಸಬಾರದು, ಮುದ್ದಿಸಬೇಕು. ಗ್ಯಾರೇಜ್ ಬಾಗಿಲನ್ನೂ ಹಾಗೆಯೇ, ಬೆನ್ನಿನ ಕಡೆಯಿಂದ. ಏಸಿಯ ಹೊರಗಿನ ಪೆಟ್ಟಿಗೆಯಲ್ಲಿ ಬಾಗಿದ ತೆಳು ಎಲೆಗಳನ್ನು ನನ್ನ ಕಿಸೆಯ ಬಾಚಣಿಗೆಯಿಂದ ಬಾಚಿ ನೆಟ್ಟಗೆ ಮಾಡಿದೆ. ನಡುವೆ ಊಟಕ್ಕೂ ಇಳಿಯಲಿಲ್ಲ. ಬಂದ ಮೇಲೆ ಅಷ್ಟು ಸಂತೋಷದ ದಿನ ಅದೊಂದೇ. ಸಂಜೆ ಸುಮತಿಯ ಕಾರು ಬಂದಾಗ ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ.

ಅವಳು ದಂಬೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬಾಗಿಲ ಮೇಲೆ ಅಂಗೈ ಆಡಿಸಿದಳು. ಮತ್ತೆ ಮೆಟ್ಟಿಲ ಮೇಲೆ ಕೂತಳು. ಚೆನ್ನಾಗಿಲ್ಲವೇ ಎಂದು ಕೇಳಿದೆ.

"ಚಂದ ಆಗಿದೆ ಅಣ್ಣ. ಚಂದ ಆದದ್ದೇ ಕಷ್ಟ. ಇದನ್ನು ನೋಡ್ಲಿಕ್ಕೆ ಇನ್ಶೂರೆನ್ಸಿನವರು ಬರ್ತಾರೆ ಅಂತ ನಿನಗೆ ಹೇಳ್ಲಿಕ್ಕೆ ನಾನು ಮರೆತೆ."

ನನ್ನ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಅದನ್ನು ಎಲ್ಲಿಡುವುದೆಂದು ತೋಚಲಿಲ್ಲ. ಏಕೆಂದರೆ ಕುಂಜತ್ತೂರಿನ ನನ್ನ ವರ್ಕ್‌ಶಾಪಿನ ಗೋಡೆಯಲ್ಲಿ ನಾನೇ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ: ಸರ್ವೇಯರ್ ನೋಡದೆ ಗಾಡಿ ಮುಟ್ಟುವುದಿಲ್ಲ. ಅವಸರ ಮಾಡುವ ಗಿರಾಕಿಗಳಿಗೆ ಅದನ್ನು ಬೆರಳು ತೋರಿಸಿ ಓದಿಸುತ್ತೇನೆ. ಗಾಡಿಗೆ ಇನ್ಶೂರೆನ್ಸ್ ಉಂಟೆಂದು ನನಗೆ ಗೊತ್ತು. ಮನೆಯ ಮಾಡಿಗೂ ಉಂಟೆಂದು ಕನಸಿನಲ್ಲೂ ಹೊಳೆದಿರಲಿಲ್ಲ.

ಕಾಯುವ ದಿನಗಳು

ಸುಮತಿ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಕುಕ್ಕರು ಕೂಗುವ ಹೊತ್ತಿಗೆ, ತೆಂಗಿನಕಾಯಿ ತುರಿಯುತ್ತಾ, ಅವಳು ನನಗೆ ಅಲ್ಲಿನ ಮಾಡಿನ ಇನ್ಶೂರೆನ್ಸಿನ ಕಥೆ ಹೇಳಿದಳು. ನಾನು ಅದನ್ನು ನನ್ನ ಗಾಡಿಗಳ ಲೆಕ್ಕದಲ್ಲಿ ಅರ್ಥ ಮಾಡಿಕೊಂಡದ್ದು ಹೀಗೆ.

ಮಾಡು ವಯಸ್ಸಾಗಿ ಸವೆದು ಸೋರಿದರೆ ಕಂಪನಿ ಏನೂ ಕೊಡುವುದಿಲ್ಲ. ಸವೆದ ಟಯರಿಗೆ ನಮ್ಮಲ್ಲಿ ಯಾರು ಕ್ಲೈಮು ಕೊಡುತ್ತಾರೆ? ಗಾಳಿ, ಆಲಿಕಲ್ಲು, ಮರ ಬೀಳುವುದು, ಹೀಗೆ ಒಮ್ಮೆಗೇ ಎರಗಿದ ಹಾನಿ ಇರಬೇಕು. ಆದರೂ ಮೊದಲ ಪಾಲು ಮನೆಯವರದ್ದೇ. ಅದು ಕಳೆದು ಉಳಿದದ್ದು ಕಂಪನಿಯದ್ದು. ಅದರಲ್ಲೂ ಎರಡು ಬಗೆಯ ಪಾಲಿಸಿ. ಒಂದರಲ್ಲಿ, ಹಳೆಯ ಮಾಡಿಗೆ ಇವತ್ತು ಎಷ್ಟು ಬೆಲೆಯೋ ಅಷ್ಟೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಹಳತರ ಬದಲು ಹೊಸತು. ಆದರೆ ಅದನ್ನೂ ಒಂದೇ ಸಲ ಕೈಗೆ ಹಾಕುವುದಿಲ್ಲ. ಮೊದಲು ಸವಕಳಿ ಕಳೆದು ಒಂದು ಚೆಕ್ಕು. ಮಾಡು ಹೊಸದಾಗಿ ಮುಗಿದು, ಬಿಲ್ಲು ತೋರಿಸಿದ ಮೇಲೆ ತಡೆಹಿಡಿದ ಸವಕಳಿಯ ಪಾಲು ಎರಡನೆಯ ಚೆಕ್ಕಾಗಿ ಬರುತ್ತದೆ. ಮನೆ ಸಾಲದಲ್ಲಿದ್ದರೆ ಚೆಕ್ಕಿನಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ಅವರೂ ಸಹಿ ಹಾಕಬೇಕು.

ಹಿಂದಿನ ವರ್ಷ ಸುಮತಿ ಕಂತು ಕಡಿಮೆಯೆಂದು ಮೊದಲನೆಯ ಬಗೆಗೆ ಬದಲಾಯಿಸಲು ಹೊರಟಿದ್ದಳಂತೆ. ಬೇಲಿಯಾಚೆಯಿಂದ ವಾಲ್ಟರಣ್ಣ ತಡೆದರಂತೆ. ಅವರು ಒಮ್ಮೆ ಹಾಗೆ ಉಳಿಸಲು ಹೋಗಿ, ಕಂಪನಿ ಕೊಟ್ಟ ಹಣ ಅರ್ಧ ಮಾಡಿಗೂ ಸಾಲದೆ ಕೈ ಸುಟ್ಟುಕೊಂಡವರು. ಅವರ ಆ ಒಂದು ಮಾತಿನ ಋಣ ನಮ್ಮ ಮೇಲೆ ದೊಡ್ಡದು.

ಈಗಿನ ಪ್ರಶ್ನೆ ಬೇರೆ. ಸುಮತಿಯ ಮಾಡು ಹಳತು. ಮುಂದಿನ ಸಲ ಹೊಸ ಮಾಡು ಇಲ್ಲದೆ ಪಾಲಿಸಿ ನವೀಕರಿಸುವುದು ಕಷ್ಟ ಎಂದು ಕಂಪನಿ ಆಗಲೇ ಹೇಳಿತ್ತು. ಪಾಲಿಸಿ ಇಲ್ಲದ ಮನೆಗೆ ಬ್ಯಾಂಕು ತಾನೇ ಒಂದು ದುಬಾರಿ ಇನ್ಶೂರೆನ್ಸ್ ಮಾಡಿ ಅದರ ಹೊರೆಯನ್ನೂ ಅವಳ ಮೇಲೆ ಹಾಕುತ್ತದೆ. ಅದನ್ನು ಹೊರುವ ಶಕ್ತಿ ಅವಳಿಗಿರಲಿಲ್ಲ. ಕೈಯಿಂದ ಹಾಕಿ ಮಾಡು ಮಾಡಿಸುವುದೂ ಆಗದು. ಮನೆ ಮಾರಿ ಬಾಡಿಗೆಗೆ ಹೋಗಬೇಕಾಗುತ್ತದೆ. ಭಾವ ನೆಟ್ಟ ಕರಿಬೇವು ಕಿಟಕಿಯ ಎತ್ತರಕ್ಕೆ ಬಂದಿತ್ತು. ಚಳಿಗಾಲದಲ್ಲಿ ಅದಕ್ಕೆ ಕಂಬಳಿ ಹೊದೆಸಿ ಅವಳು ಉಳಿಸಿಕೊಂಡದ್ದು.

"ಅವರು ಮೊದಲು ತಗಡು ನೋಡುದು ಅಣ್ಣ" ಎಂದಳು. "ಶಿಂಗಲಿನಲ್ಲಿ ಪೆಟ್ಟು ಯಾವುದು, ವಯಸ್ಸು ಯಾವುದು ಅಂತ ಜಗಳ ಆಗ್ಬಹುದು. ತಗಡಿನ ತಗ್ಗಿಗೆ ಜಗಳ ಇಲ್ಲ. ಇಷ್ಟು ದೊಡ್ಡ ಆಲಿಕಲ್ಲು ಈ ಮನೆ ಮೇಲೆ ಬಿದ್ದದ್ದು ಹೌದು ಅಂತ ಸಾಕ್ಷಿ ಹೇಳುದು ಅದೇ."

ಆ ಸಾಕ್ಷಿಯ ಬಾಯಿಯನ್ನು ನಾನು ಒಂದು ದಿನ ಪೂರ್ತಿ ಕೂತು ಮುಚ್ಚಿಸಿದ್ದೆ.

ಆ ದಿನಗಳಲ್ಲಿ ಬೀದಿಗೆ ಜಾತ್ರೆಯ ಕಳೆ ಬಂದಿತ್ತು. ಎದೆಯ ಮೇಲೆ ಮಾಡು ಹಾಕುವ ಕಂಪನಿಗಳ ಹೆಸರು ಹೊಲಿಸಿದ ಅಂಗಿಯ ಗಂಡಸರು ಮನೆಮನೆ ಬಾಗಿಲು ತಟ್ಟುತ್ತಿದ್ದರು. ಮಾಡು ನಾವು ಮಾಡುತ್ತೇವೆ, ನಿಮ್ಮ ಪಾಲಿನದ್ದನ್ನೂ ನಾವೇ ನೋಡಿಕೊಳ್ಳುತ್ತೇವೆ, ಸಹಿ ಮಾತ್ರ ಹಾಕಿ ಎಂದರು. ನನಗೆ ಅವರು ದೇವರ ಹಾಗೆ ಕಂಡರು. ವಾಲ್ಟರಣ್ಣ ಬಂದು ನಾಯಿಯನ್ನು ಮುಂದೆ ಬಿಟ್ಟು ಅವರನ್ನು ಸಾಗಹಾಕಿದರು. ಮನೆಯವರ ಪಾಲನ್ನು ಮನೆಯವರೇ ಹಾಕಬೇಕು, ಬಿಟ್ಟುಕೊಡುತ್ತೇವೆ ಎನ್ನುವುದು ಅಲ್ಲಿ ಕಾನೂನಿಗೆ ವಿರುದ್ಧವಂತೆ. ಸಹಿ ಹಾಕಿದ್ದರೆ ನಾವೂ ಸಿಕ್ಕಿಬೀಳುತ್ತಿದ್ದೆವು.

ನಮ್ಮಲ್ಲಿ ಗಾಳಿಗೆ ಒಬ್ಬರ ಮಾಡು ಹಾರಿದರೆ ಸುತ್ತಲಿನವರು ಮೊದಲು ಮಾಡಿಗೆ ಹತ್ತುತ್ತಾರೆ. ಒಬ್ಬ ಹಂಚು ತರುತ್ತಾನೆ, ಒಬ್ಬ ಪ್ಲಾಸ್ಟಿಕ್ ಹೊದೆಸುತ್ತಾನೆ. ವಿಲೇಜ್ ಆಫೀಸಿನವರು ಬಂದು ನೋಡಿ ಬರೆದುಕೊಂಡು ಹೋಗುವುದು ಆಮೇಲೆ. ನಮ್ಮ ಕ್ರಮದಲ್ಲಿ ಮೊದಲು ಕೈ, ಮತ್ತೆ ಕಣ್ಣು. ಅಲ್ಲಿ ಮೊದಲು ಕಣ್ಣು, ಮತ್ತೆ ಕೈ. ನಾನು ಊರನ್ನು ಬಿಟ್ಟಿದ್ದೆ, ಊರಿನ ಕೈ ನನ್ನನ್ನು ಬಿಟ್ಟಿರಲಿಲ್ಲ.

ರೋಸಾ ಬಂದ ದಿನ

ಕಂಪನಿಯ ಸರ್ವೇಯರ್ ಹೆಣ್ಣುಮಗಳು. ರೋಸಾ ಎಂದು ಹೆಸರು. ಗಿಡ್ಡ ಆಳು, ದಪ್ಪ ಅಡಿಯ ಬೂಟು, ಸೊಂಟದಲ್ಲಿ ಅಳತೆ ಟೇಪು, ಕೈಯಲ್ಲಿ ಚಾಕು ಹಿಡಿದ ಹಾಗೆ ಸೀಮೆಸುಣ್ಣದ ಕಡ್ಡಿ. ಬೇಲಿಯ ಬಳಿ ವಾಲ್ಟರಣ್ಣ ಐಸ್‌ಕ್ರೀಮಿನ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಅಂದಿನ ಆಲಿಕಲ್ಲುಗಳು. ಆಗ ನನಗೆ ಗೊತ್ತಾಯಿತು ಅವರು ಏಕೆ ಫ್ರಿಜ್ಜಿನಲ್ಲಿ ಇಟ್ಟದ್ದೆಂದು. ರೋಸಾ ನೋಡಿ ನಕ್ಕಳು. ಬೀದಿಯ ಪ್ರತಿ ಮನೆಯಲ್ಲೂ ತನಗೆ ಒಂದೊಂದು ಡಬ್ಬಿ ತೋರಿಸುತ್ತಾರೆ, ಆದರೆ ಕಲ್ಲು ಯಾವ ಮಾಡಿನ ಮೇಲೆ ಬಿತ್ತೆಂದು ಡಬ್ಬಿ ಹೇಳುವುದಿಲ್ಲವಲ್ಲ ಎಂದಳಂತೆ.

ಅವಳು ದಂಬೆಯ ಹತ್ತಿರ ಏಣಿ ಇಟ್ಟು, ಸೀಮೆಸುಣ್ಣವನ್ನು ಅಡ್ಡ ಹಿಡಿದು ತಗಡಿನ ಮೇಲೆ ಉಜ್ಜಿದಳು. ನಮ್ಮ ಕಸುಬಿನ ಉಪಾಯವೇ ಅದು. ಉಬ್ಬಿದ್ದಲ್ಲಿ ಬಿಳಿ ಹಿಡಿಯುತ್ತದೆ, ತಗ್ಗಿದ್ದಲ್ಲಿ ಹಿಡಿಯುವುದಿಲ್ಲ. ಕಣ್ಣಿಗೆ ಕಾಣದ್ದು ಕಾಣುತ್ತದೆ. ದೂರದ ದೇಶದಲ್ಲಿ ಒಬ್ಬಳು ಅಪರಿಚಿತೆ ನನ್ನ ಕೈಯಂತೆಯೇ ಕೈ ಆಡಿಸುವುದನ್ನು ನೋಡಿ, ಅಂಥ ಹೊತ್ತಿನಲ್ಲೂ ನನಗೆ ಅವಳ ಮೇಲೆ ಪ್ರೀತಿ ಬಂತು.

ಉಜ್ಜುತ್ತಾ ಹೋದಂತೆ ಅವಳ ಮುಖ ಬದಲಾಯಿತು. ಬೀದಿಯ ಎಲ್ಲ ದಂಬೆಗಳಲ್ಲೂ ತಗ್ಗು, ಇದರಲ್ಲಿ ಮಾತ್ರ ಸಣ್ಣ ಸಣ್ಣ ಉಬ್ಬುತಗ್ಗಿನ ಗುರುತು, ಸುತ್ತಿಗೆಯ ಗುರುತು. ಅವಳು ಇಳಿದು ಗ್ಯಾರೇಜ್ ಬಾಗಿಲಿಗೂ ಉಜ್ಜಿದಳು. ಅಲ್ಲೇ ಗೋಡೆಗೆ ಒರಗಿಸಿ ಗುಂಡು ತಲೆಯ ಸುತ್ತಿಗೆ ಇತ್ತು. ಅದನ್ನು ಒಳಗಿಡಬೇಕೆಂಬ ಬುದ್ಧಿ ನನಗೆ ಬಂದಿರಲಿಲ್ಲ. ಅವಳು ಸುತ್ತಿಗೆಯನ್ನೂ ನನ್ನನ್ನೂ ನೋಡಿ ಸುಮತಿಯಲ್ಲಿ ಏನೋ ಕೇಳಿದಳು. ದನಿಯಲ್ಲಿ ನಗೆ ಇರಲಿಲ್ಲ.

ಸುಮತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಣ್ಣ, ಇಲ್ಲಿ ಕೆಲವರು ತಾವೇ ಸುತ್ತಿಗೆಯಲ್ಲಿ ಹೊಡೆದು ಆಲಿಕಲ್ಲು ಬಿದ್ದದ್ದು ಅಂತ ಹೇಳ್ತಾರಂತೆ. ಅದಕ್ಕೆ ಗುಂಡು ತಲೆಯದ್ದೇ ಬಳಸುದಂತೆ. ಹಾಗೆ ಕಂಡರೆ ಮಾಡು ನೋಡ್ಲಿಕ್ಕೇ ಇಲ್ಲ, ಇಡೀ ಕ್ಲೈಮು ಹೋಗ್ತದೆ. ಇಲ್ಲಿ ಯಾರು ಹೊಡೆದದ್ದು ಅಂತ ಕೇಳ್ತಾ ಇದ್ದಾರೆ."

ಹಾನಿ ಅಳಿಸಿದ್ದಕ್ಕೆ ಹಣ ಸಿಗದೆ ಹೋಗಬಹುದು ಎಂಬಷ್ಟಕ್ಕೆ ನಾನು ಹೆದರಿದ್ದೆ. ತಂಗಿ ಕಳ್ಳಿ ಎನಿಸಿಕೊಳ್ಳಬಹುದೆಂದು ಎಣಿಸಿರಲಿಲ್ಲ. ಅಷ್ಟು ವರ್ಷ ಒಬ್ಬಳೇ ದುಡಿದು, ಯಾರಿಗೂ ತಲೆ ಬಾಗದೆ ಕಟ್ಟಿಕೊಂಡ ಹೆಸರು ಅವಳದ್ದು.

"ನಾನೇ ಹೊಡೆದದ್ದು ಅಂತ ಹೇಳು" ಎಂದೆ. "ಹೊರಗಿಂದ ಅಲ್ಲ, ಒಳಗಿಂದ ಅಂತ ಹೇಳು. ಕೈ ಹಾಕಿ ನೋಡ್ಲಿಕ್ಕೆ ಹೇಳು."

ಸುಮತಿ ಹೇಳುವ ಮೊದಲೇ ನಾನು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಇನ್‌ಸೈಡ್, ಇನ್‌ಸೈಡ್ ಎಂದು ಎರಡು ಕೈಯಿಂದ ತೋರಿಸಿದೆ. ರೋಸಾ ಮತ್ತೆ ಏಣಿ ಹತ್ತಿ, ದಂಬೆಯೊಳಗೆ ಕೈ ಇಳಿಸಿ, ಕುರುಡರು ಮುಖ ಮುಟ್ಟಿ ನೋಡುವಂತೆ ಬೆರಳಾಡಿಸುತ್ತಾ ಹೋದಳು. ಆಮೇಲೆ ಗ್ಯಾರೇಜಿನ ಒಳಗೆ ಹೋಗಿ ಬಾಗಿಲಿನ ಬೆನ್ನು ನೋಡಿದಳು. ಪೆಟ್ಟುಗಳೆಲ್ಲ ಆ ಕಡೆ ಇದ್ದವು. ಮೋಸ ಮಾಡುವವನು ಹೊರಗಿನಿಂದ ಹೊಡೆಯುತ್ತಾನೆ; ಒಳಗಿನಿಂದ ಹೊಡೆದವನು ಎಂಥವನು ಎಂದು ಅವಳೇ ಯೋಚಿಸುತ್ತಿರಬೇಕು. ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದಳು. ನಿಮ್ಮ ದೇಶದಲ್ಲಿ ರಿಪೇರಿಗೆ ಮೊದಲು ಸರ್ವೇಯರ್ ಬಂದು ನೋಡುವ ಕ್ರಮ ಇಲ್ಲವೇ?

ಸುಮತಿ ನನ್ನ ಕಡೆ ತಿರುಗಿದಳು. ನಾನು ನನ್ನ ವರ್ಕ್‌ಶಾಪಿನ ಗೋಡೆಯ ಕೆಂಪು ಅಕ್ಷರಗಳ ವಿಷಯ ಹೇಳಿದೆ. ಅವಳಿಗೆ ಅದು ಆವರೆಗೆ ಗೊತ್ತಿರಲಿಲ್ಲ. ಇಂಗ್ಲಿಷಿಗೆ ತರಲು ಹೊರಟವಳು ನಡುವೆ ನಗು ತಡೆಯಲಾರದೆ ನಿಂತುಬಿಟ್ಟಳು. ಕಣ್ಣಲ್ಲಿ ನೀರೂ ಇತ್ತು. ಕಡೆಗೆ ಹೇಗೋ ಹೇಳಿ ಮುಗಿಸಿದಾಗ ರೋಸಾ ಏಣಿಯನ್ನು ಹಿಡಿದುಕೊಂಡು ನಕ್ಕಳು. ಬೇಲಿಯಾಚೆ ವಾಲ್ಟರಣ್ಣ, ಏಣಿ ಕೊಟ್ಟ ತಪ್ಪು ತಮ್ಮದೇ ಎಂದು ಕೈ ಎತ್ತಿ ಒಪ್ಪಿಕೊಂಡರು.

ಆಮೇಲೆ ರೋಸಾ ಮಾಡಿಗೆ ಹತ್ತಿದಳು. ನಾವು ಕೆಳಗೆ ನಿಂತು ಅವಳ ಬೂಟಿನ ಸದ್ದು ಕೇಳುತ್ತಿದ್ದೆವು. ಆ ಕಡೆ ಹೋಯಿತು, ನಿಂತಿತು, ಈ ಕಡೆ ಬಂತು. ನನಗೆ ನಿಲುಕದ ಎತ್ತರದಲ್ಲಿ ಮಾಡಿನಿಂದ ಹೊರಗೆ ಚಾಚಿದ ಗಾಳಿಗಿಂಡಿಗಳ ತಗಡಿನ ಟೊಪ್ಪಿಗೆಗಳು ಇದ್ದವು. ಅಲ್ಲಿಗೆ ಹತ್ತಲು ನನ್ನ ಮಂಡಿ ಒಪ್ಪದಿದ್ದುದಕ್ಕೆ ಆ ಮಂಡಿಗೆ ಇವತ್ತಿಗೂ ಕೃತಜ್ಞ. ಅವುಗಳ ಮೇಲೆ ಆಲಿಕಲ್ಲು ಬಿದ್ದಂತೆಯೇ ತಗ್ಗುಗಳು ಇದ್ದವು. ಶಿಂಗಲುಗಳ ಮೇಲೂ ಹರಳು ಉದುರಿ, ಒತ್ತಿದರೆ ಮೆತ್ತಗಾಗುವ ಪೆಟ್ಟುಗಳು. ಅವಳು ಸೀಮೆಸುಣ್ಣದಲ್ಲಿ ಚೌಕ ಎಳೆದು, ಒಂದೊಂದು ಪೆಟ್ಟಿಗೂ ವೃತ್ತ ಬರೆದು ಫೋಟೋ ತೆಗೆದಳು.

ಇಳಿದು ಬಂದು, ಮಾಡಿನ ಎರಡೂ ಮಗ್ಗುಲು ಹೋಗಿದೆ, ಪೂರ್ತಿ ಬದಲಾಯಿಸಬೇಕೆಂದು ಬರೆಯುತ್ತೇನೆ ಎಂದಳು. ಸುಮತಿ ಎರಡು ಸಲ ತಲೆಯಾಡಿಸಿದಳು. ದಂಬೆಗೂ ಗ್ಯಾರೇಜ್ ಬಾಗಿಲಿಗೂ ಮಾತ್ರ ಏನೂ ಬರೆಯಲಾಗದಂತೆ, ಅವು ಈಗ ಸರಿಯಾಗಿಯೇ ಇವೆಯಲ್ಲ. ಹೊರಡುವಾಗ ನನ್ನ ಕೈ ಹಿಡಿದು ಅವಳು ಹೇಳಿದ್ದನ್ನು ಸುಮತಿ ನನಗೆ ಹೇಳಿದಳು: "ನೀವು ಇಷ್ಟು ಚಂದ ಕೆಲಸ ಮಾಡದಿದ್ದರೆ ನಿಮ್ಮ ತಂಗಿಗೆ ಹೊಸ ಬಾಗಿಲೂ ಸಿಗ್ತಿತ್ತು."

ವಾಲ್ಟರಣ್ಣನ ಪಿಕಪ್

ವಾಲ್ಟರಣ್ಣನಿಗೆ ಏನಾದರೂ ಮಾಡಿಕೊಡಬೇಕು ಎಂದು ಮನಸ್ಸು ಹೇಳುತ್ತಿತ್ತು. ಪಾಲಿಸಿ ಉಳಿಸಿಕೊಟ್ಟವರು, ಅಂಗಿಯವರಿಂದ ಕಾಪಾಡಿದವರು. ಅವರ ಅಂಗಳದಲ್ಲಿ ಒಂದು ಹಳೆಯ ಪಿಕಪ್ ಗಾಡಿ. ಹಿಂದಿನ ಬಾಗಿಲಿನಲ್ಲಿ ಅಂಗೈಯಗಲದ ಒಂದು ತಗ್ಗು, ತುಕ್ಕು ಹಿಡಿಯದಂತೆ ಬಣ್ಣ ಬಳಿದದ್ದು. ಆಲಿಕಲ್ಲಿನದ್ದಲ್ಲ, ಬಹಳ ಹಳತು. ನನಗಾದರೆ ಚಹಾ ಕುಡಿದು ಮುಗಿಸುವುದರೊಳಗೆ ಆಗುವ ಕೆಲಸ. ಈ ಸಲ ಬುದ್ಧಿ ಬಂದಿತ್ತು. ಸುತ್ತಿಗೆ ಹಿಡಿಯುವ ಮೊದಲು ಸುಮತಿಯಿಂದ ಅವರನ್ನು ಕೇಳಿಸಿದೆ.

ಅವರು ತಗ್ಗಿನ ಮೇಲೆ ಕೈ ಇಟ್ಟರು. ಅದು ತೀರಿಕೊಂಡ ಹೆಂಡತಿ ಮಾರ್ಥಾ ಮಾಡಿದ್ದಂತೆ. ಹೊಸ ಗಾಡಿಯನ್ನು ಹಿಂದಕ್ಕೆ ಬಿಡಲು ಕಲಿಯುವಾಗ ಅಂಚೆಡಬ್ಬಿಯ ಕಂಬಕ್ಕೆ ತಾಗಿಸಿ, ಇವರು ಬಯ್ಯುತ್ತಾರೆಂದು ಹೆದರುವ ಬದಲು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕಳಂತೆ. ಇದೊಂದು ಇರಲಿ ಎಂದರು.

ನಾನು ಕೈ ಹಿಂದೆ ತೆಗೆದೆ. ನನ್ನ ಕಸುಬಿನಲ್ಲಿ ಅಷ್ಟು ವರ್ಷ ತಗ್ಗೆಂದರೆ ತೆಗೆಯಬೇಕಾದದ್ದು ಎಂದಷ್ಟೇ ತಿಳಿದಿದ್ದೆ. ಅವತ್ತು ಅವರಿಗೆ ಗೋಳಿಬಜೆ ಕರಿದು ಕೊಟ್ಟೆವು. ಅದನ್ನು ಅವರು ಬೇಡವೆನ್ನಲಿಲ್ಲ.

ಮಾಡು ಕಳಚಿದ ದಿನ

ಮೊದಲ ಚೆಕ್ಕು ಬಂತು. ಬ್ಯಾಂಕಿನವರ ಸಹಿಗೆ ಹೋಗಿ ಮರಳಿತು. ತನ್ನ ಪಾಲನ್ನು ಸುಮತಿ ಕೂಡಿಟ್ಟದ್ದರಿಂದ ಹಾಕಿದಳು. ವಾಲ್ಟರಣ್ಣನಿಗೆ ಗುರುತಿದ್ದ ಆ ಪಟ್ಟಣದವರೇ ಒಬ್ಬರು ಕೆಲಸ ಹಿಡಿದರು.

ನಮ್ಮಲ್ಲಿ ಮಾಡಿಗೆ ಕೈ ಹಾಕಿದರೆ ಒಳ್ಳೆಯ ದಿನ ನೋಡಬೇಕು, ಆಚಾರಿ ಬರಬೇಕು, ಬಂದ ಆಚಾರಿ ಮರುದಿನವೂ ಬರಬೇಕು. ಅಲ್ಲಿ ಬೆಳಗ್ಗೆ ಒಂದು ತಂಡ ಹಾಡು ಹಾಕಿಕೊಂಡು ಬಂದು ಹತ್ತಿತು. ಮಧ್ಯಾಹ್ನಕ್ಕೆ ಮನೆ ಬೋಳು ತಲೆಯಂತೆ ಕಂಡಿತು. ಅವರೆಲ್ಲ ಮೆಕ್ಸಿಕೋ ಕಡೆಯವರು. ಅವರಿಗೂ ನನಗೂ ಇಂಗ್ಲಿಷು ಒಂದೇ ಮಟ್ಟದ್ದು. ಹಾಗಾಗಿ ಮಾತು ಚೆನ್ನಾಗಿ ನಡೆಯಿತು. ಖಾರದ ಚಟ್ನಿ ಹಾಕಿ ಕೊಟ್ಟ ದೋಸೆಯನ್ನು ಅವರಷ್ಟು ಪ್ರೀತಿಯಿಂದ ತಿಂದವರನ್ನು ನಾನು ಊರಲ್ಲೂ ನೋಡಿಲ್ಲ.

ಹಳೆಯ ಶಿಂಗಲು ತೆಗೆದ ಮೇಲೆ ಹೊಗೆಗೂಡಿನ ಬುಡದಲ್ಲಿ ಹಲಗೆ ಒದ್ದೆಯಾಗಿ ಹಾಳಾದದ್ದು ಕಂಡಿತು. ಆಲಿಕಲ್ಲು ಬಿರಿಸಿದಲ್ಲಿಂದ ನೀರು ಇಳಿದದ್ದು. ಮೇಸ್ತ್ರಿ ಹೊಸ ಹಲಗೆ ಎತ್ತಿಕೊಂಡು ಮುಚ್ಚಲು ಹೊರಟ. ಕೆಳಗಿದ್ದ ನಾನು ಎರಡೂ ಕೈ ಮೇಲೆತ್ತಿ ಅಡ್ಡ ನಿಂತೆ, ರೈಲು ನಿಲ್ಲಿಸುವವನ ಹಾಗೆ. ಫೋಟೋ, ಫೋಟೋ, ರೋಸಾ, ರೋಸಾ ಎಂದು ಕೂಗಿದೆ. ಸುಮತಿ ಒಳಗಿನಿಂದ ಓಡಿ ಬಂದಳು. ರೋಸಾಳಿಗೆ ಫೋನು ಹೋಯಿತು, ಫೋಟೋ ಹೋಯಿತು. ಮೊದಲು ನೋಡಿದಾಗ ಕಾಣದೆ, ಕಳಚಿದ ಮೇಲೆ ಕಂಡ ಹಾನಿಯನ್ನು ಹೀಗೆ ಆಮೇಲೆ ಸೇರಿಸಲು ಅವಕಾಶ ಉಂಟು, ಮುಚ್ಚುವ ಮೊದಲು ತೋರಿಸಬೇಕು ಅಷ್ಟೇ. ಅವಳು ಸೇರಿಸಿದಳು. ಹಲಗೆಯ ಖರ್ಚು ಸುಮತಿಯ ತಲೆಗೆ ಬರಲಿಲ್ಲ.

"ಈಗ ಅಣ್ಣನಿಗೆ ಸರ್ವೇಯರ್ ಕೆಲಸ ಕೊಡ್ಬಹುದು" ಎಂದು ಸುಮತಿ ಹೇಳಿದಳು. ಆ ಗ್ಯಾರೇಜ್ ಬಾಗಿಲಿನ ಋಣ ಅಷ್ಟಕ್ಕೆ ತೀರಿತು ಎಂದುಕೊಂಡೆ.

ಮರಳಿ ಕುಂಜತ್ತೂರು

ನಾನು ಹೊರಡುವ ಮೊದಲೇ ಹೊಸ ಮಾಡಿನ ಮೇಲೆ ಒಂದು ಮಳೆ ಬಂತು. ಸುಮತಿ ಮೇಲಕ್ಕೆ ನೋಡದೆ ಚಹಾ ಸೋಸುತ್ತಿದ್ದಳು. ಅಷ್ಟು ದೂರ ಹೋಗಿ ನಾನು ಕಂಡ ಚಂದದ ನೋಟ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಬಿಲ್ಲು ಕಳಿಸಿದ ಮೇಲೆ ಎರಡನೆಯ ಚೆಕ್ಕು ಬಂದದ್ದನ್ನೂ, ಪಾಲಿಸಿ ಮುಂದುವರಿದದ್ದನ್ನೂ ಅವಳು ಫೋನಿನಲ್ಲಿ ತಿಳಿಸಿದಳು. ವರ್ಕ್‌ಶಾಪಿನ ಕೆಂಪು ಅಕ್ಷರಗಳು ಮಾಸಿದ್ದವು, ಹೊಸ ಬಣ್ಣ ಕೊಡಿಸಿದೆ. ಕಥೆ ಕೇಳಿದ ಕೆಲಸದವರು ಈಗ ನಾನು ಯಾವ ಗಾಡಿಯ ಹತ್ತಿರ ಹೋದರೂ ಆ ಗೋಡೆಯ ಕಡೆ ಒಮ್ಮೆ ನೋಡುತ್ತಾರೆ.

ಮರುವರ್ಷದ ವಸಂತದಲ್ಲಿ ಆ ಬೀದಿಯಲ್ಲಿ ಮತ್ತೆ ಆಲಿಕಲ್ಲು ಬಿತ್ತು. ಈ ಸಲ ಸಣ್ಣವು, ಕಡಲೆಯಷ್ಟು. ಮಾಡಿಗೆ ಏನೂ ಆಗಲಿಲ್ಲ ಎಂದು ಸುಮತಿ ಫೋನು ಮಾಡಿದಳು. ನಾನು ಊರಿಗೆ ಮರಳಿದ ಮೇಲೂ ವಾಲ್ಟರಣ್ಣನ ಏಣಿ ಅವಳ ಗ್ಯಾರೇಜಿನಲ್ಲೇ ಉಳಿದಿತ್ತು. ಆಲಿಕಲ್ಲು ನಿಂತ ಕೂಡಲೇ ಅವರು ನಾಯಿಯ ಜೊತೆ ಬಂದು, ನಾನು ಅಲ್ಲಿ ಇಲ್ಲವೆಂದು ಗೊತ್ತಿದ್ದರೂ, ಏಣಿಯನ್ನು ಹೊತ್ತುಕೊಂಡು ಹೋಗಿ ತಮ್ಮ ಶೆಡ್ಡಿನಲ್ಲಿಟ್ಟು ಬೀಗ ಹಾಕಿದರಂತೆ.